ರೂಟರ್ ಪುಟದ ಪದಗಳು ಅರ್ಥವಾಗುತ್ತಿಲ್ಲ, ಎರಡನೇ ರೂಟರ್ ಹಾಕಿದ ಮೇಲೆ ಪ್ರಿಂಟರ್ ಕಾಣೆ

ಮಳೆಹನಿ:
ಎಲ್ಲರಿಗೂ ನಮಸ್ಕಾರ. ಇಂಟರ್ನೆಟ್ ಕಂಪನಿಯವರು ಕೊಟ್ಟ ಬಾಕ್ಸ್ ಮುಂದಿನ ಕೋಣೆಯಲ್ಲಿದೆ. ಒಳಗಿನ ಕೋಣೆಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೆ ಇನ್ನೊಂದು ರೂಟರ್ ತಂದು, ಬಾಕ್ಸ್‌ನಿಂದ ಅಲ್ಲಿವರೆಗೆ ಕೇಬಲ್ ಎಳೆದು, ಬೇರೆ ಹೆಸರು ಕೊಟ್ಟು ಹಾಕಿದ್ದೇನೆ. ನೆಟ್ ಬರುತ್ತಿದೆ. ಆದರೆ ಎರಡು ತೊಂದರೆ.

ಪ್ರಿಂಟರ್ ಮುಂದಿನ ಕೋಣೆಯ ವೈಫೈಗೆ ಸೇರಿಕೊಂಡಿದೆ. ಒಳಗಿನ ಲ್ಯಾಪ್‌ಟಾಪ್‌ಗೆ ಅದು ಕಾಣುತ್ತಲೇ ಇಲ್ಲ. ಫೋನನ್ನು ಮುಂದಿನ ವೈಫೈಗೆ ಹಾಕಿದರೆ ಕಾಣುತ್ತೆ. ಇನ್ನೊಂದು, ಪ್ಲಾನ್ 200 ಎಂಬಿಪಿಎಸ್ ಅಂತ ಇದೆ, ದೊಡ್ಡ ಫೈಲ್ ಇಳಿಸುವಾಗ ಲ್ಯಾಪ್‌ಟಾಪ್ 11 ಚಿಲ್ಲರೆ ಮಾತ್ರ ತೋರಿಸುತ್ತೆ. 12 ದಾಟುವುದೇ ಇಲ್ಲ.

ಸೆಟ್ಟಿಂಗ್ಸ್ ಪುಟ ತೆರೆದರೆ ವ್ಯಾನ್, ಲ್ಯಾನ್, ಗೇಟ್‌ವೇ, ಸಬ್‌ನೆಟ್ ಮಾಸ್ಕ್, ಡಿಎಚ್‌ಸಿಪಿ, ನ್ಯಾಟ್, ಎಸ್‌ಎಸ್‌ಐಡಿ, ಚಾನೆಲ್ ವಿಡ್ತ್. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಗೊತ್ತಾಗುತ್ತಿಲ್ಲ. "ಇದನ್ನು ಒತ್ತಿ, ಸರಿಹೋಗುತ್ತೆ" ಅನ್ನುವ ಉತ್ತರ ಬೇಡ. ಯಾಕೆ ಅನ್ನೋದು ತಿಳಿಯಬೇಕು.

ಗಾಳಿಪಟ:
ಎರಡೂ ರೂಟರ್ ರೀಸೆಟ್ ಮಾಡಿ ನೋಡಿ. ಮುಕ್ಕಾಲು ಪಾಲು ಅದರಲ್ಲೇ ಸರಿಯಾಗುತ್ತೆ.

ನೀಲಿಕೇಬಲ್:
ದಯವಿಟ್ಟು ರೀಸೆಟ್ ಮಾಡಬೇಡಿ! ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ರೀಸ್ಟಾರ್ಟ್ ಅಂದ್ರೆ ಆಫ್ ಮಾಡಿ ಆನ್ ಮಾಡೋದು. ಹಿಂದೆ ಸಣ್ಣ ತೂತಿನೊಳಗೆ ಪಿನ್ ಒತ್ತಿ ಹಿಡಿಯೋದು ರೀಸೆಟ್. ಅದು ಎಲ್ಲಾ ಸೆಟ್ಟಿಂಗ್ ಅಳಿಸಿ ಹಾಕುತ್ತೆ. ಕಂಪನಿಯ ಬಾಕ್ಸ್‌ನಲ್ಲಿ ಅವರು ತುಂಬಿಸಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಅವರ ಜಾಲಕ್ಕೆ ಸೇರೋಕೆ ಬೇಕಾದ ವಿಲ್ಯಾನ್ ಸಂಖ್ಯೆ ಇರಬಹುದು. ಅದು ಹೋದರೆ ಅವರೇ ಬಂದು ಮತ್ತೆ ಹಾಕಿಕೊಡಬೇಕು, ಅಲ್ಲಿವರೆಗೆ ನೆಟ್ಟೇ ಇರಲ್ಲ.

ಮಳೆಹನಿಯವರೇ, ಮೊದಲು ಇಷ್ಟು ಹೇಳಿ. ಮುಂದಿನ ವೈಫೈಗೆ ಸೇರಿದ ಫೋನಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ, ಎಷ್ಟು? ಒಳಗಿನ ಲ್ಯಾಪ್‌ಟಾಪಿನ ಐಪಿ ಎಷ್ಟು? ಎಳೆದ ಕೇಬಲ್ ಎರಡನೇ ರೂಟರ್‌ನ ಯಾವ ತೂತಿಗೆ ಹೋಗಿದೆ, ವ್ಯಾನ್ (ಹೊರಗಿನ ನೆಟ್‌ವರ್ಕ್ ಕಡೆಯದು) ಅಂತ ಬರೆದಿದ್ದಕ್ಕೋ ಲ್ಯಾನ್ (ಒಳಗಿನ ಸಾಧನಗಳ ಕಡೆಯದು) ಅಂತ ಬರೆದಿದ್ದಕ್ಕೋ?

ಹಳೇಮೋಡೆಮ್:
ಅವರು ಉತ್ತರ ಕೊಡುವಷ್ಟರಲ್ಲಿ ಒಂದು ಮಾತು. "ರೂಟರ್" ಅಂತ ನಾವು ಕರೆಯೋ ಡಬ್ಬದೊಳಗೆ ನಾಲ್ಕು ಕೆಲಸದ ಯಂತ್ರಗಳಿವೆ. ಇದು ತಲೆಗೆ ಹೋಗದೆ ಆ ಪುಟದ ಒಂದು ಪದವೂ ಅರ್ಥವಾಗಲ್ಲ.

ಹೊರಗಿನ ತಂತಿಯ ಸಂಕೇತವನ್ನು ಈಥರ್ನೆಟ್‌ಗೆ, ಅಂದರೆ ಮನೆಯೊಳಗಿನ ನೆಟ್‌ವರ್ಕ್ ಕೇಬಲ್‌ನ ಭಾಷೆಗೆ, ಬದಲಾಯಿಸೋದು ಮೋಡೆಮ್. ಫೈಬರ್ ಆದರೆ ಅದಕ್ಕೆ ಓಎನ್‌ಟಿ ಅಂತಾರೆ. ಎರಡು ಬೇರೆ ಬೇರೆ ನೆಟ್‌ವರ್ಕ್‌ಗಳ ನಡುವೆ ನಿಂತು ಪ್ಯಾಕೆಟ್‌ಗಳನ್ನು (ಮಾಹಿತಿಯ ಸಣ್ಣ ತುಂಡುಗಳನ್ನು) ಇಲ್ಲಿಂದ ಅಲ್ಲಿಗೆ ಕಳಿಸೋದು ನಿಜವಾದ ರೂಟರ್. ಹಿಂದೆ ಸಾಲಾಗಿ ಇರೋ ಲ್ಯಾನ್ ತೂತುಗಳು ಸ್ವಿಚ್. ಅದು ಒಂದೇ ನೆಟ್‌ವರ್ಕ್ ಒಳಗಿನ ಸಾಧನಗಳನ್ನು ಜೋಡಿಸುತ್ತೆ, ಅಷ್ಟೇ. ಆಂಟೆನಾ ಇರೋ ಭಾಗ ಆಕ್ಸೆಸ್ ಪಾಯಿಂಟ್. ಕೇಬಲ್ ಬದಲು ಗಾಳಿಯಲ್ಲಿ ಅದೇ ನೆಟ್‌ವರ್ಕ್‌ಗೆ ಸೇರಿಸೋದು ಅದರ ಕೆಲಸ. ಮಳೆಹನಿಯವರಿಗೆ ಒಳಗಿನ ಕೋಣೆಯಲ್ಲಿ ಬೇಕಾಗಿದ್ದಿದ್ದು ನಾಲ್ಕನೆಯದು ಮಾತ್ರ. ಬಂದಿದ್ದು ಮೋಡೆಮ್ ಬಿಟ್ಟು ಉಳಿದ ಮೂರೂ ಸೇರಿದ ಡಬ್ಬ.

ಮಳೆಹನಿ:
ನೀಲಿಕೇಬಲ್ ಅವರೇ, ಇಲ್ಲಿದೆ. ಫೋನ್ 192.168.1.7. ಲ್ಯಾಪ್‌ಟಾಪ್ 192.168.0.102. ಕೇಬಲ್ ವ್ಯಾನ್ ಅಂತ ಬರೆದ ಬೇರೆ ಬಣ್ಣದ ತೂತಿಗೆ ಹೋಗಿದೆ. ಕೈಪಿಡಿಯಲ್ಲೂ ಅಲ್ಲೇ ಹಾಕಿ ಅಂತಿತ್ತು.

ನೀಲಿಕೇಬಲ್:
ಅಂದುಕೊಂಡ ಹಾಗೇ ಇದೆ. ಚುಕ್ಕಿಗಳಿಂದ ಬೇರೆಯಾದ ನಾಲ್ಕು ಅಂಕಿಗಳಲ್ಲಿ ಮೂರನೆಯದು ನೋಡಿ. ಒಂದು ಕಡೆ 1, ಇನ್ನೊಂದು ಕಡೆ 0. ನಿಮ್ಮ ಮನೆಯಲ್ಲಿ ಈಗ ಎರಡು ನೆಟ್‌ವರ್ಕ್ ಇವೆ.

ಸಬ್‌ನೆಟ್ ಮಾಸ್ಕ್ 255.255.255.0 ಅಂತ ಇರುತ್ತೆ ಅಲ್ವಾ? "ಮೊದಲ ಮೂರು ಅಂಕಿ ನೆಟ್‌ವರ್ಕ್‌ನ ಗುರುತು, ಕೊನೆಯದು ಸಾಧನದ ಗುರುತು" ಅಂತ ಅದರ ಅರ್ಥ. ಲ್ಯಾಪ್‌ಟಾಪ್ ಯಾರಿಗಾದರೂ ಏನಾದರೂ ಕಳಿಸುವಾಗ ಮೊದಲು ನೋಡೋದು ಇದನ್ನೇ. ಮೊದಲ ಮೂರು ಅಂಕಿ ತನ್ನದರ ಹಾಗೇ ಇದ್ದರೆ ನೇರವಾಗಿ ಕಳಿಸುತ್ತೆ. ಬೇರೆ ಇದ್ದರೆ ಗೇಟ್‌ವೇಗೆ ಕೊಡುತ್ತೆ. ಗೇಟ್‌ವೇ ಅಂದರೆ ಆ ನೆಟ್‌ವರ್ಕ್‌ನಿಂದ ಹೊರಗೆ ಹೋಗೋ ಬಾಗಿಲು, ಅದು ರೂಟರ್‌ನದೇ ವಿಳಾಸ. ನಿಮಗೆ ಮುಂದಿನ ಕೋಣೆಯಲ್ಲಿ ಬಹುಶಃ 192.168.1.1, ಒಳಗೆ 192.168.0.1.

ಈ ವಿಳಾಸಗಳನ್ನು ನೀವು ಕೊಟ್ಟಿಲ್ಲ. ಡಿಎಚ್‌ಸಿಪಿ ಕೊಟ್ಟಿದೆ. ಸಾಧನ ಸೇರಿದ ತಕ್ಷಣ "ನನಗೊಂದು ವಿಳಾಸ ಕೊಡಿ" ಅಂತ ಕೂಗುತ್ತೆ, ರೂಟರ್ ಒಂದನ್ನು ಇಷ್ಟು ಹೊತ್ತಿಗೆ ಅಂತ ಕೊಡುತ್ತೆ. ಆ ಅವಧಿಗೆ ಲೀಸ್ ಅಂತಾರೆ. ಅದರ ಜೊತೆಗೇ ಗೇಟ್‌ವೇ ಯಾವುದು, ಹೆಸರಿಗೆ ವಿಳಾಸ ಹುಡುಕಿಕೊಡೋ ಡಿಎನ್‌ಎಸ್ ಯಾವುದು ಅನ್ನೋದನ್ನೂ ಹೇಳಿಕೊಡುತ್ತೆ. ನಿಮ್ಮ ಎರಡೂ ಡಬ್ಬಗಳು ಈ ಕೆಲಸ ಮಾಡುತ್ತಿವೆ, ಅದಕ್ಕೇ ಎರಡು ಗುಂಪು.

ಕುತೂಹಲಿ:
ಮಧ್ಯೆ ಬಂದೆ, ಕ್ಷಮಿಸಿ. ನನ್ನ ಲ್ಯಾಪ್‌ಟಾಪ್ ಕೆಲವು ಸಲ 169.254 ಅಂತ ಶುರುವಾಗೋ ವಿಳಾಸ ತೋರಿಸುತ್ತೆ, ಆಗ ನೆಟ್ ಇರಲ್ಲ. ಅದು ಯಾರು ಕೊಟ್ಟಿದ್ದು?

ನೀಲಿಕೇಬಲ್:
ಯಾರೂ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಇಟ್ಟುಕೊಂಡಿದ್ದು. ಡಿಎಚ್‌ಸಿಪಿಯಿಂದ ಉತ್ತರ ಬರಲಿಲ್ಲ ಅಂದ್ರೆ ಹಾಗೆ ಮಾಡುತ್ತೆ. 169.254 ಕಂಡರೆ ಹೊರಗಿನ ಕಂಪನಿಗೆ ಫೋನ್ ಮಾಡೋ ಮೊದಲು ನಿಮ್ಮ ಕೇಬಲ್, ವೈಫೈ, ರೂಟರ್ ನೋಡಿ. ತೊಂದರೆ ಮನೆಯೊಳಗೇ ಇದೆ.

ಬಿಟ್‌ಬೈಟ್:
ಸರಿ, ಎರಡು ನೆಟ್‌ವರ್ಕ್. ಅಂದಮೇಲೆ ಒಳಗಿನಿಂದ ಪ್ರಿಂಟರ್ ಯಾವ ಕಾರಣಕ್ಕೂ ಸಿಗಲ್ಲ. ಎರಡನೇ ರೂಟರ್‌ನ ಫೈರ್‌ವಾಲ್, ಅಂದರೆ ಬೇಡದ ಪ್ಯಾಕೆಟ್ ನಿಲ್ಲಿಸೋ ಕಾವಲು, ತಡೆಯುತ್ತೆ. ಇದಕ್ಕೆ ಡಬಲ್ ನ್ಯಾಟ್ ಅಂತಾರೆ, ಒಂದರ ಹಿಂದೆ ಒಂದು ರೂಟರ್.

ತಂತಿಜಾಲ:
ಬಿಟ್‌ಬೈಟ್, ಡಬಲ್ ನ್ಯಾಟ್ ಅನ್ನೋದು ಸರಿ. ಸಿಗಲ್ಲ ಅನ್ನೋದು ತಪ್ಪು. ಕಾಣದಿರೋದು ಬೇರೆ, ಸಿಗದಿರೋದು ಬೇರೆ.

ಲ್ಯಾಪ್‌ಟಾಪ್ ಪ್ರಿಂಟರ್ ಹುಡುಕುವಾಗ 224.0.0.251 ಅನ್ನುವ ವಿಳಾಸಕ್ಕೆ "ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ" ಅಂತ ಕೂಗಿ ಕೇಳುತ್ತೆ. ಎಂಡಿಎನ್‌ಎಸ್ ಅಂತ ಅದರ ಹೆಸರು. ಆ ಕೂಗು ತನ್ನ ನೆಟ್‌ವರ್ಕ್ ಒಳಗೆ ಮಾತ್ರ ಕೇಳುತ್ತೆ, ರೂಟರ್ ಅದನ್ನು ದಾಟಿಸಲ್ಲ. ಅದಕ್ಕೇ ಪಟ್ಟಿಯಲ್ಲಿ ಪ್ರಿಂಟರ್ ಬರುತ್ತಿಲ್ಲ. ಆದರೆ ಪ್ರಿಂಟರ್‌ನ ವಿಳಾಸ ನೀವೇ ಹೇಳಿಕೊಟ್ಟರೆ? ಲ್ಯಾಪ್‌ಟಾಪ್ "ಇದು ನನ್ನ ಗುಂಪಿನದಲ್ಲ" ಅಂತ 192.168.0.1ಕ್ಕೆ ಕೊಡುತ್ತೆ. ಎರಡನೇ ರೂಟರ್ ಅದನ್ನು ವ್ಯಾನ್ ಕಡೆಗೆ ತಳ್ಳುತ್ತೆ. ಆ ವ್ಯಾನ್ ಕಡೆ ಇರೋದು ಯಾವುದು? ಮುಂದಿನ ಕೋಣೆಯ 192.168.1 ನೆಟ್‌ವರ್ಕೇ. ಪ್ರಿಂಟರ್ ಅಲ್ಲೇ ಕೂತಿದೆ. ತಲುಪಬೇಕು.

ಮಳೆಹನಿಯವರೇ, ಪ್ರಿಂಟರ್‌ನ ಪರದೆಯಲ್ಲಿ ನೆಟ್‌ವರ್ಕ್ ಮೆನುಗೆ ಹೋಗಿ ಅದರ ಐಪಿ ನೋಡಿ. ಒಳಗಿನ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಆ ಅಂಕಿ ಹಾಕಿ.

ಬಿಟ್‌ಬೈಟ್:
ಆಗುತ್ತೆ ಅಂತ ನನಗೆ ಅನಿಸಲ್ಲ. ನೋಡೋಣ.

ಮಳೆಹನಿ:
ಪ್ರಿಂಟರ್ 192.168.1.20. ಬ್ರೌಸರ್‌ನಲ್ಲಿ ಹಾಕಿದೆ, ಪ್ರಿಂಟರ್‌ನ ಪುಟ ತೆರೆದುಕೊಂಡಿತು! ವಿಳಾಸ ಕೊಟ್ಟು ಸೇರಿಸಿದೆ, ಪ್ರಿಂಟ್ ಕೂಡ ಬಂತು. ಆದರೆ ಸ್ಕ್ಯಾನ್ ಒತ್ತಿ ಪ್ರಿಂಟರ್‌ನಿಂದ ಲ್ಯಾಪ್‌ಟಾಪ್‌ಗೆ ಕಳಿಸೋಕೆ ಹೋದರೆ ಆಗುತ್ತಿಲ್ಲ. ಒಂದು ದಿಕ್ಕಿಗೆ ಆಗುತ್ತೆ, ಇನ್ನೊಂದು ದಿಕ್ಕಿಗೆ ಇಲ್ಲ. ಇದು ಯಾಕೆ?

ತಂತಿಜಾಲ:
ಇಲ್ಲೇ ನ್ಯಾಟ್ ಬರೋದು. ನಿಮ್ಮ ಲ್ಯಾಪ್‌ಟಾಪ್‌ನ ಪ್ಯಾಕೆಟ್ ಹೊರಗೆ ಹೋಗುವಾಗ ರೂಟರ್ ಅದರ ಮೇಲಿನ "ಕಳಿಸಿದವರು" ವಿಳಾಸ ಅಳಿಸಿ ತನ್ನ ವ್ಯಾನ್ ವಿಳಾಸ ಹಾಕುತ್ತೆ. ಯಾರದ್ದು, ಯಾವ ಪೋರ್ಟ್ ಸಂಖ್ಯೆಯಿಂದ (ಇದು ಕೇಬಲ್ ತೂತಲ್ಲ, ಸಂಪರ್ಕದ ಗುರುತು) ಹೋಯಿತು ಅಂತ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತೆ. ಉತ್ತರ ಬಂದಾಗ ಆ ಪಟ್ಟಿ ನೋಡಿ ಲ್ಯಾಪ್‌ಟಾಪ್‌ಗೆ ತಲುಪಿಸುತ್ತೆ. ಪ್ರಿಂಟರ್‌ಗೆ ಲ್ಯಾಪ್‌ಟಾಪ್ ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ, ಅದು ನೋಡಿದ್ದು ಎರಡನೇ ರೂಟರ್‌ನ ವಿಳಾಸ ಮಾತ್ರ. ಹಾಗಾಗಿ ಪ್ರಿಂಟರ್ ತಾನಾಗಿ ಶುರು ಮಾಡಿದ ಮಾತಿಗೆ ಪಟ್ಟಿಯಲ್ಲಿ ಸಾಲೇ ಇಲ್ಲ. ರೂಟರ್ ಅದನ್ನು ಬಿಸಾಕುತ್ತೆ. ಬಿಟ್‌ಬೈಟ್ ಹೇಳಿದ ತಡೆ ಇದೆ, ಆದರೆ ಅದು ಒಳಮುಖಕ್ಕೆ ಮಾತ್ರ.

ಎರಡೂ ರೂಟರ್‌ಗಳ ಒಳಗಿನ ವಿಳಾಸ 192.168.1 ಅಂತಲೇ ಇದ್ದಿದ್ದರೆ ಕಥೆ ಬೇರೆ. ಆಗ ಲ್ಯಾಪ್‌ಟಾಪ್ "ಪ್ರಿಂಟರ್ ನನ್ನ ಗುಂಪಿನಲ್ಲೇ ಇದೆ" ಅಂದುಕೊಂಡು ಒಳಗೇ ಹುಡುಕುತ್ತಿತ್ತು, ಎಂದೂ ಸಿಗುತ್ತಿರಲಿಲ್ಲ. ಬಿಟ್‌ಬೈಟ್ ನೋಡಿರೋದು ಅಂಥ ಜೋಡಣೆ ಇರಬೇಕು.

ಗಾಳಿಪಟ:
ಎಲ್ಲರ ಮನೆಯಲ್ಲೂ 192.168 ಅಂತಲೇ ಇರುತ್ತಲ್ಲ, ಜಗಳ ಆಗಲ್ವಾ?

ಹಳೇಮೋಡೆಮ್:
ಆಗಲ್ಲ, ಅದಕ್ಕೆಂದೇ ಎತ್ತಿಟ್ಟ ವಿಳಾಸಗಳು ಅವು. 10 ರಿಂದ ಶುರುವಾಗೋವು, 172.16 ರಿಂದ 172.31 ರವರೆಗಿನವು, 192.168 ರವು. ಇವು ಖಾಸಗಿ. ಹೊರಗಿನ ಇಂಟರ್ನೆಟ್‌ನಲ್ಲಿ ಇವುಗಳಿಗೆ ದಾರಿ ಇಲ್ಲ. 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಈ ನಿಯಮ ಇದೆ. ಈ ಬಗೆಯ ವಿಳಾಸಕ್ಕೆ ಐಪಿವಿ4 ಅಂತಾರೆ, ಅದು 32 ಬಿಟ್‌ನದು, ಅಂದರೆ ಒಟ್ಟು ಸುಮಾರು 429 ಕೋಟಿ. ಜಗತ್ತಿನ ಸಾಧನಗಳಿಗೆ ಅದು ಸಾಲಲ್ಲ. ಹಂಚೋಕೆ ಕೇಂದ್ರದಲ್ಲಿದ್ದ ಕೊನೆಯ ದೊಡ್ಡ ಕಟ್ಟುಗಳು 2011ರ ಫೆಬ್ರುವರಿಯಲ್ಲೇ ಮುಗಿದವು. ಒಂದು ಹೊರಗಿನ ವಿಳಾಸದ ಹಿಂದೆ ಇಡೀ ಮನೆ ಕೂರೋದು ನ್ಯಾಟ್‌ನಿಂದ.

ಮಳೆಹನಿ:
ಈಗ ತಿಳೀತು. ಹಾಗಾದರೆ ಎರಡನ್ನೂ ಒಂದೇ ನೆಟ್‌ವರ್ಕ್ ಮಾಡೋದು ಹೇಗೆ?

ಬಿಟ್‌ಬೈಟ್:
ಕಂಪನಿಯ ಬಾಕ್ಸನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ. ಆಗ ಅದು ಬರೀ ಮೋಡೆಮ್ ಆಗುತ್ತೆ, ರೂಟರ್ ಕೆಲಸವೆಲ್ಲ ನೀವು ತಂದಿದ್ದೇ ಮಾಡುತ್ತೆ. ನಿಮ್ಮ ಹಿಡಿತ ನಿಮ್ಮ ಕೈಯಲ್ಲಿರುತ್ತೆ. ಸರಿಯಾದ ದಾರಿ ಇದೇ.

ನೀಲಿಕೇಬಲ್:
ಇವರ ಮನೆಗೆ ಇದು ಸರಿಹೋಗಲ್ಲ ಬಿಟ್‌ಬೈಟ್. ಬ್ರಿಡ್ಜ್ ಮಾಡಿದರೆ ಬಹುತೇಕ ಬಾಕ್ಸ್‌ಗಳಲ್ಲಿ ವೈಫೈ ಕೂಡ ನಿಂತುಹೋಗುತ್ತೆ. ಮುಂದಿನ ಕೋಣೆಗೆ ಸಿಗ್ನಲ್ ಎಲ್ಲಿಂದ? ಒಂದು ಕೋಣೆಗೆ ಕೊಡೋಕೆ ಹೋಗಿ ಇನ್ನೊಂದನ್ನು ಕಿತ್ತುಕೊಂಡ ಹಾಗೆ ಆಗುತ್ತೆ.

ಎರಡನೇ ರೂಟರ್‌ನ ಪುಟದಲ್ಲಿ "ಆಪರೇಷನ್ ಮೋಡ್" ಅಂತ ಇದೆಯಾ ನೋಡಿ. ಅದರಲ್ಲಿ ಆಕ್ಸೆಸ್ ಪಾಯಿಂಟ್ ಆರಿಸಿ. ನ್ಯಾಟ್, ಡಿಎಚ್‌ಸಿಪಿ ಎರಡೂ ತಾನಾಗಿ ಆಫ್ ಆಗುತ್ತವೆ. ಆ ಆಯ್ಕೆ ಇಲ್ಲದಿದ್ದರೆ ಕೈಯಿಂದ ಮಾಡಬಹುದು. ಎರಡನೇ ರೂಟರ್‌ನ ಲ್ಯಾನ್ ವಿಳಾಸವನ್ನು ಮೊದಲನೆಯದರ ಗುಂಪಿನಲ್ಲಿ ಬೇರೆ ಯಾರೂ ಬಳಸದ ಒಂದಕ್ಕೆ ಬದಲಾಯಿಸಿ, 192.168.1.2 ಅಂತ ಇಟ್ಟುಕೊಳ್ಳಿ. ಅದರ ಡಿಎಚ್‌ಸಿಪಿ ಆಫ್ ಮಾಡಿ. ಕೇಬಲನ್ನು ವ್ಯಾನ್ ತೂತಿನಿಂದ ಕಿತ್ತು ಲ್ಯಾನ್ ತೂತಿಗೆ ಹಾಕಿ. ವ್ಯಾನ್ ತೂತು ಖಾಲಿ ಇರಲಿ. ಈಗ ಅದು ಸ್ವಿಚ್ ಮತ್ತು ಆಕ್ಸೆಸ್ ಪಾಯಿಂಟ್ ಮಾತ್ರ.

ಬಿಟ್‌ಬೈಟ್:
ಮುಂದಿನ ಕೋಣೆಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಬಹುದಲ್ಲ. ಕಂಪನಿಗಳು ಕೊಡೋ ಬಾಕ್ಸ್‌ಗಳ ಸಾಫ್ಟ್‌ವೇರ್ ನೋಡಿದ್ದೀರಾ? ವರ್ಷಗಟ್ಟಲೆ ಅಪ್‌ಡೇಟ್ ಬರಲ್ಲ. ಮನೆಯ ಬಾಗಿಲನ್ನು ಅದರ ಕೈಗೆ ಕೊಡೋದು ನನಗೆ ಇಷ್ಟವಿಲ್ಲ, ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.

ನೀಲಿಕೇಬಲ್:
ಅಪ್‌ಡೇಟ್ ವಿಷಯ ಒಪ್ಪುತ್ತೇನೆ. ಆದರೆ ಅವರು ಕೇಳಿದ್ದು ಪ್ರಿಂಟರ್. ಇರೋ ಎರಡು ಡಬ್ಬದಲ್ಲೇ ಆಗೋ ಕೆಲಸಕ್ಕೆ ಮೂರನೆಯದು ಯಾಕೆ?

ಓದುಗಮಿತ್ರ:
11 ಎಂಬಿ ವಿಷಯ ಯಾರೂ ಮಾತಾಡಲೇ ಇಲ್ಲ. ಪ್ಲಾನ್‌ನ 200 ಮೆಗಾಬಿಟ್, ಲ್ಯಾಪ್‌ಟಾಪ್ ತೋರಿಸೋ 11 ಮೆಗಾಬೈಟ್. ಒಂದು ಬೈಟ್ ಅಂದರೆ 8 ಬಿಟ್. 200 ಭಾಗಿಸು 8, 25 ಬರುತ್ತೆ. ಹಾಗಾಗಿ ತಲೆ ಕೆಡಿಸಿಕೊಳ್ಳಬೇಡಿ, ಕಂಪನಿಯವರು ಸರಿಯಾಗೇ ಕೊಡುತ್ತಿದ್ದಾರೆ.

ಮಳೆಹನಿ:
25 ಬರಬೇಕಿದ್ದಲ್ಲಿ 11 ಬಂದರೆ ಅದು ಸರಿ ಹೇಗೆ? ಅರ್ಧ ಕೂಡ ಇಲ್ಲ.

ತಂತಿಜಾಲ:
ಮಳೆಹನಿಯವರ ಪ್ರಶ್ನೆ ಸರಿಯಾಗಿದೆ. ಆ ಅಂಕಿಯನ್ನೇ ಗಟ್ಟಿಯಾಗಿ ನೋಡಿ. 11.8 ಇಂಟು 8, ಸುಮಾರು 94. ಏರಿಳಿತ ಇಲ್ಲ, 12 ದಾಟಲ್ಲ ಅಂತಿದ್ದಾರೆ. ವೈಫೈ ದುರ್ಬಲವಾಗಿದ್ದರೆ ಅಂಕಿ ಕುಣಿಯುತ್ತೆ, ಹೀಗೆ ಗೋಡೆಗೆ ತಾಗಿದ ಹಾಗೆ ನಿಲ್ಲಲ್ಲ. 100 ಎಂಬಿಪಿಎಸ್ ಈಥರ್ನೆಟ್ ಕೊಂಡಿಯಲ್ಲಿ, ಪ್ಯಾಕೆಟ್‌ಗಳ ಮೇಲಿನ ಹೆಚ್ಚುವರಿ ಬರಹ ಕಳೆದು ನಿಮಗೆ ಸಿಗೋದು 94ರ ಆಸುಪಾಸು. ಎಲ್ಲೋ ಒಂದು ಕೇಬಲ್ ಅಥವಾ ತೂತು 100ಕ್ಕೆ ಸಿಕ್ಕಿಹಾಕಿಕೊಂಡಿದೆ.

ಎರಡು ಕಾರಣ ಇರಬಹುದು. ರೂಟರ್‌ನ ತೂತುಗಳೇ 100 ಎಂಬಿಪಿಎಸ್‌ನವು ಇರಬಹುದು. ಡಬ್ಬದ ಮೇಲೆ 1200 ಅಂತ ದೊಡ್ಡದಾಗಿ ಬರೆದ ರೂಟರ್‌ಗಳಲ್ಲೂ ತೂತು 100ರದೇ ಇರೋದನ್ನು ನೋಡಿದ್ದೇನೆ. ಇಲ್ಲವೇ ಕೇಬಲ್. ಈಥರ್ನೆಟ್ ಕೇಬಲ್‌ನಲ್ಲಿ 8 ಎಳೆ, 4 ಜೋಡಿ. 100 ಎಂಬಿಪಿಎಸ್‌ಗೆ 2 ಜೋಡಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್‌ಗೆ) ನಾಲ್ಕೂ ಬೇಕು. ಉಳಿದ 2 ಜೋಡಿಯಲ್ಲಿ ಒಂದು ಎಳೆ ತುಂಡಾಗಿದ್ದರೂ, ತುದಿಯ ಪ್ಲಗ್‌ಗೆ ಸರಿಯಾಗಿ ಒತ್ತಿ ಕೂರಿಸದಿದ್ದರೂ (ಕ್ರಿಂಪ್ ಆಗದಿದ್ದರೂ) ಎರಡೂ ಕಡೆಯವು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ನೆಟ್ ಬರುತ್ತಲೇ ಇರುತ್ತೆ, ಯಾರಿಗೂ ಅನುಮಾನ ಬರಲ್ಲ.

ಹಳೇಮೋಡೆಮ್:
ಇದು ಚಿನ್ನದಂಥ ಮಾತು. ನಮ್ಮ ಕಚೇರಿಯಲ್ಲಿ ಇದೇ ಆಗಿತ್ತು, ಕೇಬಲ್ ಮೇಲೆ ಕುರ್ಚಿಯ ಚಕ್ರ ಹರಿದು ಒಂದು ಎಳೆ ಹೋಗಿತ್ತು. ಎಲ್ಲರೂ ಸರ್ವರ್ ನಿಧಾನ ಅಂತ ಬೈತಾ ಇದ್ದರು.

ಮಳೆಹನಿ:
ಎರಡನೇ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಪೋರ್ಟ್ ಎದುರಿಗೆ "100 ಎಂಬಿಪಿಎಸ್ ಫುಲ್ ಡ್ಯೂಪ್ಲೆಕ್ಸ್" ಅಂತ ಇದೆ. ಆದರೆ ರೂಟರ್‌ನ ವಿವರದಲ್ಲಿ 10/100/1000 ಅಂತ ಬರೆದಿದ್ದಾರೆ. ಕೇಬಲ್ ಬದಲಾಯಿಸಿ ನೋಡುತ್ತೇನೆ.

ನೀಲಿಕೇಬಲ್:
ಕ್ಯಾಟ್5ಇ ಅಥವಾ ಕ್ಯಾಟ್6 ತನ್ನಿ. ಎರಡೂ 100 ಮೀಟರ್‌ವರೆಗೆ ಗಿಗಾಬಿಟ್ ಕೊಡುತ್ತವೆ. ಅದಕ್ಕಿಂತ ದೊಡ್ಡ ಹೆಸರಿನ ಕೇಬಲ್ ನಿಮಗೆ ಬೇಡ.

ಕುತೂಹಲಿ:
ಕೇಬಲ್ ಯಾಕೆ ಇಷ್ಟು ಕಷ್ಟ? ರಿಪೀಟರ್ ಹಾಕಿದರೆ ಮುಗೀತಲ್ಲ, ಗೋಡೆಯ ಪ್ಲಗ್‌ಗೆ ಸಿಕ್ಕಿಸೋದು ಅಷ್ಟೇ.

ತಂತಿಜಾಲ:
ಕೇಬಲ್ ಆಗಲೇ ಎಳೆದಿರುವವರಿಗೆ ರಿಪೀಟರ್ ಹೇಳಬಾರದು. ವೈಫೈ ಅಂದರೆ ಒಂದೇ ಕೋಣೆಯಲ್ಲಿ ಕೂತ ಜನರ ಮಾತಿನ ಹಾಗೆ, ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಒಂದೇ ಚಾನೆಲ್‌ನಲ್ಲಿ ರಿಪೀಟರ್ ಪ್ರತಿ ಮಾತನ್ನೂ ಕೇಳಿಸಿಕೊಂಡು ಮತ್ತೆ ಹೇಳಬೇಕು. ಅಂದರೆ ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಹೋಗುತ್ತೆ, ವೇಗ ಹೆಚ್ಚುಕಡಿಮೆ ಅರ್ಧ. ಎರಡು ಬ್ಯಾಂಡ್ (ಕಂಪನಾಂಕದ ಪಟ್ಟಿ) ಇರೋ ರಿಪೀಟರ್ ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಹೇಳಬಹುದು, ಆಗ ನಷ್ಟ ಕಡಿಮೆ. ಮೆಶ್ ಅಂತ ಮಾರುವ, ಹಲವು ಡಬ್ಬ ಸೇರಿ ಒಂದೇ ವೈಫೈ ಕೊಡೋ ಸೆಟ್‌ಗಳೂ ಡಬ್ಬದಿಂದ ಡಬ್ಬಕ್ಕೆ ಗಾಳಿಯನ್ನೇ ನಂಬಿಕೊಂಡಿದ್ದರೆ ಇದೇ ಲೆಕ್ಕ. ಆ ನಡುವಿನ ಕೊಂಡಿಗೆ ಬ್ಯಾಕ್‌ಹಾಲ್ ಅಂತಾರೆ, ಅದಕ್ಕೆ ಕೇಬಲ್ ಕೊಟ್ಟರೆ ಮೆಶ್ ಕೂಡ ಚೆನ್ನಾಗಿ ಓಡುತ್ತೆ.

ಮಳೆಹನಿ:
ಆ 1200 ಅಂದರೆ ಏನು ಹಾಗಾದರೆ? ನನ್ನದರಲ್ಲೂ ಎಸಿ1200 ಅಂತಿದೆ.

ಬಿಟ್‌ಬೈಟ್:
ಎರಡು ಬ್ಯಾಂಡ್‌ಗಳ ಗರಿಷ್ಠ ಅಂಕಿ ಕೂಡಿಸಿದ್ದು. 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867. ಒಟ್ಟು 1167, ಅದನ್ನು ಮೇಲಕ್ಕೆ ಹತ್ತಿಸಿ 1200 ಅಂದರು. ಸಾಮಾನ್ಯ ಫೋನ್ ಒಂದು ಹೊತ್ತಿಗೆ ಒಂದೇ ಬ್ಯಾಂಡ್‌ನಲ್ಲಿರುತ್ತೆ. ಹಾಗಾಗಿ 1200 ಅನ್ನೋದು ಯಾವ ಫೋನಿಗೂ ಸಿಗೋ ವೇಗ ಅಲ್ಲ. 867 ಕೂಡ ಗಾಳಿಯಲ್ಲಿನ ಲೆಕ್ಕ, ಕೈಗೆ ಸಿಗೋದು ಅದಕ್ಕಿಂತ ಎಷ್ಟೋ ಕಡಿಮೆ.

ಗಾಳಿಪಟ:
5 ಗಿಗಾಹರ್ಟ್ಸ್ ಹಾಕಿದರೆ 5ಜಿ ಸಿಕ್ಕ ಹಾಗೆ ಅಲ್ವಾ?

ಬಿಟ್‌ಬೈಟ್:
ಅಲ್ಲವೇ ಅಲ್ಲ. 5ಜಿ ಮೊಬೈಲ್ ಜಾಲದ ಐದನೇ ತಲೆಮಾರು. ಇಲ್ಲಿನ 5 ರೇಡಿಯೊ ತರಂಗದ ಕಂಪನಾಂಕ. ಕೆಲವು ರೂಟರ್‌ಗಳು ವೈಫೈ ಹೆಸರಿನ ಕೊನೆಗೆ "5ಜಿ" ಅಂತ ತಾವೇ ಅಂಟಿಸಿ ಜನರನ್ನು ಗೊಂದಲಕ್ಕೆ ತಳ್ಳುತ್ತವೆ, ನನಗೆ ಅದು ನೋಡಿದಾಗಲೆಲ್ಲ ಸಿಟ್ಟು ಬರುತ್ತೆ.

ನೀಲಿಕೇಬಲ್:
ಚಾನೆಲ್ ಬಗ್ಗೆಯೂ ಹೇಳಿಬಿಡೋಣ, ಅವರು ಕೇಳಿದ್ದರು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದೊಂದು ಹರಡೋದು 20 ಮೆಗಾಹರ್ಟ್ಸ್. ಹಾಗಾಗಿ ಪಕ್ಕಪಕ್ಕದವು ಒಂದರ ಮೇಲೊಂದು ಬೀಳುತ್ತವೆ. 1, 6, 11 ಈ ಮೂರನ್ನೇ ಬಳಸಿ ಅನ್ನೋದು ಅದಕ್ಕೇ. ಎರಡು ಡಬ್ಬಗಳಿಗೆ ಬೇರೆ ಬೇರೆ ಕೊಡಿ, ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಚಾನೆಲ್ ವಿಡ್ತ್ 2.4ರಲ್ಲಿ 20ಕ್ಕೇ ಇಡಿ. 40 ಮಾಡಿದರೆ ಇದ್ದ ಜಾಗದ ಬಹುಪಾಲು ನೀವೇ ತಿನ್ನುತ್ತೀರಿ, ಪಕ್ಕದವರಿಗೂ ತೊಂದರೆ, ನಿಮಗೂ ತೊಂದರೆ. ಮೈಕ್ರೊವೇವ್ ಒವನ್ ಕೂಡ 2.45ರ ಹತ್ತಿರವೇ ಓಡುತ್ತೆ, ಅದು ಆನ್ ಆದಾಗ ವೈಫೈ ತಡವರಿಸೋದು ನಿಜ.

5ರಲ್ಲಿ ಜಾಗ ಜಾಸ್ತಿ, 80 ಮೆಗಾಹರ್ಟ್ಸ್ ಇಡಬಹುದು. ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತೆ. ಇನ್ನೊಂದು, 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ರೂಟರ್ ಆನ್ ಆದ ಮೇಲೆ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಕೇಳಿ, ರೇಡಾರ್ ಇಲ್ಲ ಅಂತ ಖಾತ್ರಿಯಾದ ಮೇಲೆ ಶುರು ಮಾಡುತ್ತೆ. "5ರ ಹೆಸರು ತಡವಾಗಿ ಬರುತ್ತೆ, ರೂಟರ್ ಕೆಟ್ಟಿದೆ" ಅಂತ ಗಾಬರಿಯಾಗಬೇಡಿ.

ಓದುಗಮಿತ್ರ:
ವೈಫೈ ಕಂಡುಹಿಡಿದಿದ್ದು ಸಿನಿಮಾ ನಟಿ ಹೆಡಿ ಲಾಮಾರ್ ಅಂತ ಎಲ್ಲೋ ಓದಿದೆ. ನಿಜವಾ?

ಹಳೇಮೋಡೆಮ್:
ಅವರ ಕೆಲಸ ದೊಡ್ಡದು, ಆದರೆ ಹಾಗೆ ಹೇಳಿದರೆ ಅವರಿಗೂ ನ್ಯಾಯ ಅಲ್ಲ, ಉಳಿದವರಿಗೂ ಅಲ್ಲ. ಲಾಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಇಬ್ಬರಿಗೆ 1942ರಲ್ಲಿ ಪೇಟೆಂಟ್ ಸಿಕ್ಕಿತು. ಟಾರ್ಪಿಡೊಗೆ ಕಳಿಸೋ ರೇಡಿಯೊ ಸಂಕೇತವನ್ನು ಶತ್ರು ಕೆಡಿಸದ ಹಾಗೆ ಕಂಪನಾಂಕ ಬದಲಿಸುತ್ತಾ ಹೋಗೋ ವಿಧಾನ ಅದು. ಆ ಬಗೆಯ ಜಿಗಿತ ಇವತ್ತು ಬ್ಲೂಟೂತ್‌ನಲ್ಲಿದೆ. ವೈಫೈಗೆ ಆಧಾರವಾದ 802.11 ಮಾನದಂಡದ 1997ರ ಮೊದಲ ಆವೃತ್ತಿಯಲ್ಲೂ ಒಂದು ಆಯ್ಕೆಯಾಗಿತ್ತು, ಆಗ ಗರಿಷ್ಠ ವೇಗ 2 ಎಂಬಿಪಿಎಸ್. ಈಗಿನ ವೈಫೈ ಬಳಸೋದು ಓಎಫ್‌ಡಿಎಂ ಅನ್ನುವ ಬೇರೆಯೇ ವಿಧಾನ.

ಗಾಳಿಯಲ್ಲಿ ಪ್ಯಾಕೆಟ್ ಕಳಿಸೋ ಜಾಲ ಅಂತ ಹುಡುಕಿದರೆ ನಾನು ಹವಾಯಿ ವಿಶ್ವವಿದ್ಯಾಲಯದ ಅಲೋಹಾನೆಟ್ ಹೆಸರು ಹೇಳುತ್ತೇನೆ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಯವರು ದ್ವೀಪಗಳ ನಡುವೆ ರೇಡಿಯೊದಲ್ಲಿ ಕಂಪ್ಯೂಟರ್ ಜೋಡಿಸಿದರು. ಇಬ್ಬರು ಒಟ್ಟಿಗೆ ಮಾತಾಡಿ ಪ್ಯಾಕೆಟ್ ಕೆಟ್ಟರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸೋದು ಅವರ ಉಪಾಯ. ಈಥರ್ನೆಟ್‌ಗೂ ಅದೇ ಸ್ಫೂರ್ತಿ.

ಗಾಳಿಪಟ:
ನಿಧಾನ ಆಗಿದ್ದರೆ ಗೂಗಲ್‌ನ ಡಿಎನ್‌ಎಸ್ 8.8.8.8 ಹಾಕಿ ಮಾರಾಯ್ರೆ, ಸ್ಪೀಡ್ ಡಬಲ್ ಆಗುತ್ತೆ.

ತಂತಿಜಾಲ:
ಆಗಲ್ಲ. ಡಿಎನ್‌ಎಸ್ ಮಾಡೋದು ಹೆಸರಿಗೆ ಐಪಿ ವಿಳಾಸ ಹುಡುಕಿಕೊಡೋ ಕೆಲಸ. ವಿಳಾಸ ಸಿಕ್ಕ ಮೇಲೆ ಫೈಲ್ ಇಳಿಯೋ ದಾರಿಯಲ್ಲಿ ಅದು ಇಲ್ಲವೇ ಇಲ್ಲ. ಕಂಪನಿಯ ಡಿಎನ್‌ಎಸ್ ನಿಧಾನ ಇದ್ದರೆ ಪುಟ ತೆರೆದುಕೊಳ್ಳೋಕೆ ಶುರುವಾಗೋದು ತಡವಾಗುತ್ತೆ, ಅಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. 94 ಎಂಬಿಪಿಎಸ್ ಕೊಂಡಿ 200 ಆಗಲ್ಲ.

ನನಗೆ ಬೇಜಾರು ತರೋದು ಇದೇ. ಏನೇ ಆದರೂ ನಾವು "ನೆಟ್ ಇಲ್ಲ", "ನೆಟ್ ಸ್ಲೋ" ಅಂತ ಒಂದೇ ಮಾತು ಹೇಳ್ತೀವಿ. ಅದರೊಳಗೆ ಮೂರು ಬೇರೆ ಪ್ರಶ್ನೆಗಳಿವೆ. ನನ್ನ ಸಾಧನ ರೂಟರ್‌ವರೆಗೆ ತಲುಪುತ್ತಿದೆಯಾ? ರೂಟರ್ ಹೊರಗೆ ತಲುಪುತ್ತಿದೆಯಾ? ಹೆಸರುಗಳು ವಿಳಾಸವಾಗಿ ಬದಲಾಗುತ್ತಿವೆಯಾ? ಮೊದಲು ಗೇಟ್‌ವೇಗೆ ಪಿಂಗ್ ಮಾಡಿ, ಅಂದರೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡಿ. ಉತ್ತರ ಬರದಿದ್ದರೆ ತೊಂದರೆ ಮನೆಯೊಳಗೆ. ಬಂದರೆ 8.8.8.8ಗೆ ಪಿಂಗ್ ಮಾಡಿ. ಅಲ್ಲಿ ನಿಂತರೆ ತೊಂದರೆ ಬಾಕ್ಸ್‌ನಿಂದ ಆಚೆ, ಆಗ ಕಂಪನಿಗೆ ಫೋನ್ ಮಾಡಿ. ಅದೂ ಬಂದು, ಜಾಲತಾಣದ ಹೆಸರಿಗೆ ಮಾತ್ರ ಬರದಿದ್ದರೆ ಡಿಎನ್‌ಎಸ್. ವೈಫೈ ಕಡ್ಡಿಗಳು ಹೇಳೋದು ಮೊದಲ ಪ್ರಶ್ನೆಯ ಒಂದು ಭಾಗ ಮಾತ್ರ. ಕಡ್ಡಿ ತುಂಬಿದ್ದರೂ ಹೊರಗಿನ ತಂತಿ ತುಂಡಾಗಿರಬಹುದು.

ಕುತೂಹಲಿ:
ಇದನ್ನು ಬರೆದಿಟ್ಟುಕೊಂಡೆ. ಥ್ಯಾಂಕ್ಸ್ ತಂತಿಜಾಲ ಅವರೇ.

ಮಳೆಹನಿ:
ಬಂದೆ. ಹೊಸ ಕೇಬಲ್ ಹಾಕಿದೆ, ಸ್ಟೇಟಸ್‌ನಲ್ಲಿ 1000 ಅಂತ ಬಂತು. ಡೌನ್‌ಲೋಡ್ 23 ತೋರಿಸುತ್ತಿದೆ! ಆಮೇಲೆ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ. ಲ್ಯಾಪ್‌ಟಾಪ್ ಈಗ 192.168.1.11. ಪ್ರಿಂಟರ್ ಪಟ್ಟಿಯಲ್ಲಿ ತಾನಾಗಿ ಬಂತು, ಸ್ಕ್ಯಾನ್ ಕೂಡ ಆಗುತ್ತಿದೆ. ನಿಮಗೆಲ್ಲ ತುಂಬಾ ಧನ್ಯವಾದ.

ಒಂದೇ ವಿಷಯ, 192.168.0.1 ಈಗ ತೆರೆಯುತ್ತಿಲ್ಲ. ಎರಡನೇ ರೂಟರ್‌ನ ಪುಟಕ್ಕೆ ಹೋಗೋದು ಹೇಗೆ? ಮತ್ತೆ ಎರಡಕ್ಕೂ ಒಂದೇ ವೈಫೈ ಹೆಸರು ಕೊಡಬಹುದಾ?

ನೀಲಿಕೇಬಲ್:
ಅದು ಈಗ ಗೇಟ್‌ವೇ ಅಲ್ಲ, ಉಳಿದವುಗಳ ಹಾಗೇ ಮೊದಲ ಬಾಕ್ಸ್‌ನಿಂದ ವಿಳಾಸ ಪಡೆದಿದೆ. 192.168.1.1ರ ಪುಟದಲ್ಲಿ ಸೇರಿಕೊಂಡ ಸಾಧನಗಳ ಪಟ್ಟಿ ನೋಡಿ. ಮ್ಯಾಕ್ ವಿಳಾಸ, ಅಂದರೆ ಸಾಧನಕ್ಕೆ ತಯಾರಕರು ಕೊಟ್ಟ ಗುರುತು, ಎರಡನೇ ರೂಟರ್‌ನ ಕೆಳಗಿನ ಚೀಟಿಯಲ್ಲಿದೆ, ಅದರ ಜೊತೆ ಹೋಲಿಸಿ. ಕೊನೆಯ ಒಂದೆರಡು ಅಕ್ಷರ ಬೇರೆ ಇರಬಹುದು, ಲ್ಯಾನ್‌ಗೊಂದು ವೈಫೈಗೊಂದು ಕೊಟ್ಟಿರುತ್ತಾರೆ. ಸಿಕ್ಕ ಮೇಲೆ ಆ ಮ್ಯಾಕ್‌ಗೆ ಒಂದೇ ಐಪಿ ಕಾಯಂ ಮಾಡಿಬಿಡಿ, ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತೆ. ಪ್ರಿಂಟರ್‌ಗೂ ಅದನ್ನೇ ಮಾಡಿ.

ಒಂದೇ ಹೆಸರು ಕೊಡಬಹುದು. ಎಸ್‌ಎಸ್‌ಐಡಿ ಅಂದರೆ ವೈಫೈ ಹೆಸರು ಅಷ್ಟೇ. ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಒಂದೇ ಇರಲಿ, ಚಾನೆಲ್ ಬೇರೆ ಇರಲಿ. ಆದರೆ ಯಾವುದಕ್ಕೆ ಸೇರಬೇಕು ಅನ್ನೋದನ್ನು ತೀರ್ಮಾನಿಸೋದು ಫೋನ್. ಕೆಲವು ಫೋನ್‌ಗಳು ಸಿಗ್ನಲ್ ದುರ್ಬಲವಾಗಿ ಮೈನಸ್ 70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ) ಕೆಳಗೆ ಬಿದ್ದರೂ ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ಹಾಗೆ ಮಾಡಿದರೆ ಎರಡರ ರೇಡಿಯೊ ಶಕ್ತಿ ಸ್ವಲ್ಪ ಕಡಿಮೆ ಮಾಡಿ.

ಬಿಟ್‌ಬೈಟ್:
ಪುಟದಲ್ಲಿ ಇರುವಾಗಲೇ ಡಬ್ಲ್ಯೂಪಿಎಸ್, ಅಂದರೆ ಪಾಸ್‌ವರ್ಡ್ ಇಲ್ಲದೆ ಗುಂಡಿ ಅಥವಾ ಪಿನ್‌ನಿಂದ ವೈಫೈಗೆ ಸೇರಿಸೋ ವ್ಯವಸ್ಥೆ, ಆಫ್ ಮಾಡಿ. ಅದರ ಪಿನ್ 8 ಅಂಕಿಯದು, ಆದರೆ ಎರಡು ತುಂಡಾಗಿ ಪರೀಕ್ಷಿಸುತ್ತೆ, ಕೊನೆಯ ಅಂಕಿ ಬರೀ ತಾಳೆ ನೋಡೋಕೆ. ಹಾಗಾಗಿ ಹತ್ತು ಕೋಟಿ ಬದಲು 11,000 ಸಲ ಪ್ರಯತ್ನಿಸಿದರೆ ಸಾಕು. 2011ರಲ್ಲೇ ಇದು ಬಯಲಾಯಿತು. ಭದ್ರತೆ ಡಬ್ಲ್ಯೂಪಿಎ2 ಅಥವಾ 3 ಇರಲಿ, ಹಳೆಯ, ಸುಲಭವಾಗಿ ಮುರಿಯಬಹುದಾದ ಡಬ್ಲ್ಯೂಇಪಿ ಬೇಡವೇ ಬೇಡ. ಹೆಸರು ಅಡಗಿಸಿಡೋದರಿಂದ ಏನೂ ಉಪಯೋಗ ಇಲ್ಲ. ನಿಮ್ಮ ಫೋನೇ ಆ ಹೆಸರನ್ನು ಕೂಗುತ್ತಾ ತಿರುಗುತ್ತೆ.

ಓದುಗಮಿತ್ರ:
ಕೊನೆಗೆ ನನ್ನದೊಂದು. ಮನೆಯ ಕ್ಯಾಮೆರಾ ಹೊರಗಿಂದ ನೋಡೋಕೆ ಪೋರ್ಟ್ ಫಾರ್ವರ್ಡ್ ಮಾಡಿದೆ, ಅಂದರೆ ಹೊರಗಿಂದ ಬರೋ ಸಂಪರ್ಕವನ್ನು ಕ್ಯಾಮೆರಾಗೆ ಕಳಿಸು ಅಂತ ರೂಟರ್‌ಗೆ ಹೇಳಿದೆ. ಏನು ಮಾಡಿದರೂ ಆಗುತ್ತಿಲ್ಲ. ಒಂದೇ ರೂಟರ್ ಇದೆ, ಡಬಲ್ ನ್ಯಾಟ್ ಇಲ್ಲ.

ತಂತಿಜಾಲ:
ನಿಮ್ಮ ಮನೆಯಲ್ಲಿ ಇಲ್ಲ, ಕಂಪನಿಯಲ್ಲಿ ಇರಬಹುದು. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 100.64 ರಿಂದ 100.127 ರ ಒಳಗಿದ್ದರೆ ಕಂಪನಿಯವರೇ ತುಂಬಾ ಗ್ರಾಹಕರನ್ನು ಒಂದು ವಿಳಾಸದ ಹಿಂದೆ ಕೂರಿಸಿದ್ದಾರೆ. ಸಿಜಿನ್ಯಾಟ್ ಅಂತಾರೆ. ಆ ಎರಡನೇ ಪಟ್ಟಿ ಅವರ ಯಂತ್ರದಲ್ಲಿದೆ, ನಿಮ್ಮ ಪೋರ್ಟ್ ಫಾರ್ವರ್ಡ್ ಅಲ್ಲಿಗೆ ಮುಟ್ಟಲ್ಲ. 10 ಅಥವಾ 192.168 ರ ವಿಳಾಸ ಕಂಡರೂ ಮೇಲೆ ಇನ್ನೊಂದು ನ್ಯಾಟ್ ಇದೆ ಅಂತಲೇ ಅರ್ಥ. ಸಾರ್ವಜನಿಕ ಐಪಿ ಕೊಡಿ ಅಂತ ಅವರನ್ನೇ ಕೇಳಬೇಕು. ವಿಳಾಸದ ಹೊಸ ಪದ್ಧತಿ ಐಪಿವಿ6 ಇದ್ದರೆ ಅದರಲ್ಲಿ ಪ್ರತಿ ಸಾಧನಕ್ಕೂ ತನ್ನದೇ ಹೊರಗಿನ ವಿಳಾಸ ಇರುತ್ತೆ, ರೂಟರ್‌ನ ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರೆ ಸಾಕು. ಆದರೆ ಕ್ಯಾಮೆರಾವನ್ನು ಹಾಗೇ ಹೊರಗೆ ತೆರೆದಿಡಬೇಡಿ ಸರ್, ರೂಟರ್‌ನಲ್ಲಿ ವಿಪಿಎನ್ (ಗುಪ್ತವಾಗಿ ಬರೋ ಖಾಸಗಿ ದಾರಿ) ಇದೆಯಾ ನೋಡಿ, ಅದರ ಮೂಲಕ ಮನೆಗೆ ಬನ್ನಿ.

ಓದುಗಮಿತ್ರ:
100.72 ಅಂತ ಇದೆ. ನಾಳೆ ಕಂಪನಿಗೆ ಫೋನ್ ಮಾಡುತ್ತೇನೆ.